ಹಳೇ ಎಸಿ, ದುಬಾರಿ ಗ್ಯಾಸ್

ನಾವಿರುವುದು ಟೆಕ್ಸಾಸ್‌ನ ಡಾಲಸ್ ಹತ್ತಿರ. ಇಲ್ಲಿ ಜುಲೈ ಅಂದ್ರೆ 100 ಡಿಗ್ರಿ ಫ್ಯಾರನ್‌ಹೀಟ್, ಊರಿನ ಲೆಕ್ಕದಲ್ಲಿ ಸುಮಾರು 38 ಡಿಗ್ರಿ ಸೆಲ್ಸಿಯಸ್. 2025ರ ಜುಲೈನಲ್ಲಿ ದಾವಣಗೆರೆಯಿಂದ ನಮ್ಮ ಅಜ್ಜಿ ಬಂದಿದ್ದರು. ಸರಿಯಾಗಿ ಅದೇ ವಾರ ನಮ್ಮ ಎಸಿ ಕೈಕೊಟ್ಟಿತು.

"ದಾವಣಗೆರೆ ಬಿಸಿಲು ಕಂಡವಳು ನಾನು, ಇದೇನು ಮಹಾ?" ಅಂತ ಅಜ್ಜಿ ಮೊದಲ ದಿನ ನಕ್ಕರು. ಆದರೆ ಇಲ್ಲಿನ ಮನೆಗಳಿಗೆ ಊರಿನ ಹಾಗೆ ಗಾಳಿ ಆಡುವ ಕಿಟಕಿ, ಜಗಲಿ ಇಲ್ಲ. ಎರಡನೇ ದಿನ ಮಧ್ಯಾಹ್ನ ಅವರು ತಲೆ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಮಲಗಿಬಿಟ್ಟರು. ಊಟಾನೂ ಬೇಡ ಅಂದರು. ಅಮ್ಮನಿಗೆ ಗಾಬರಿಯಾಗಿ, ನಮ್ಮ ಕನ್ನಡ ಶಾಲೆಯ ಟೀಚರ್ ಒಬ್ಬರಿಗೆ ಫೋನ್ ಮಾಡಿದರು. ಅಜ್ಜಿ ಮೂರು ದಿನ ಅವರ ಮನೆಯಲ್ಲೇ ಇದ್ದರು.

ಅಷ್ಟರಲ್ಲಿ ಎಸಿ ರಿಪೇರಿಯವರು ಬಂದು ಮೀಟರ್ ಹಾಕಿ ನೋಡಿದರು. "ಗ್ಯಾಸ್ ಸೋರಿ ಹೋಗಿದೆ. ನಿಮ್ಮದು 2004ರ ಮೆಷಿನ್, ಇದರಲ್ಲಿರೋದು ಆರ್-22. ಐದು ಪೌಂಡ್ ಬೇಕಾಗಬಹುದು. ಪೌಂಡಿಗೆ 120 ಡಾಲರ್" ಅಂದರು. ಅಂದ್ರೆ 600 ಡಾಲರ್! ಅಪ್ಪನಿಗೆ ಸಿಟ್ಟು ಬಂತು. "ಒಂದು ಕಾಲದಲ್ಲಿ ಇದು ಅಗ್ಗವಾಗಿ ಸಿಗ್ತಿತ್ತು. ಈಗ ಯಾಕೆ ಇಷ್ಟು?" ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ತಿಳಿದುಕೊಂಡಿದ್ದೇ ಈ ಲೇಖನ.

ಎಸಿಯೊಳಗಿನ ಗ್ಯಾಸ್ ಏನು ಮಾಡುತ್ತೆ?

ಅಜ್ಜಿಯ ಅಡುಗೆಮನೆಯಲ್ಲಿ ಒಂದು ಮಣ್ಣಿನ ಮಡಕೆ ಇದೆ. ಬೇಸಿಗೆಯಲ್ಲಿ ಅದರ ನೀರು ತಣ್ಣಗಿರುತ್ತೆ. ಮಡಕೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಜಿನುಗಿ, ಹೊರಗೆ ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಒಳಗಿನ ನೀರಿನಿಂದ ಎಳೆದುಕೊಳ್ಳುತ್ತೆ. ಅದಕ್ಕೇ ಉಳಿದ ನೀರು ತಂಪಾಗುತ್ತದೆ.

ಎಸಿ ಮಾಡೋದೂ ಇದನ್ನೇ. ಆರ್-22 ಎಂಬ ದ್ರವ ಮೈನಸ್ 41 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಮನೆಯೊಳಗಿನ ಕೊಳವೆಗಳಲ್ಲಿ ಅದು ಆವಿಯಾಗುತ್ತಾ ಕೋಣೆಯ ಶಾಖವನ್ನು ಹೀರಿಕೊಳ್ಳುತ್ತೆ. ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ಅದು ಹೊರಗಿನ ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಮಡಕೆಯ ನೀರು ಗಾಳಿಗೆ ಹೋಗಿಬಿಡುತ್ತೆ, ಎಸಿಯ ಗ್ಯಾಸ್ ಮಾತ್ರ ಸುತ್ತುತ್ತಲೇ ಇರುತ್ತೆ.

ಇಲ್ಲಿ ಒಂದು ಮುಖ್ಯ ವಿಷಯ. ಎಸಿ ಗ್ಯಾಸ್ ಕಾರಿನ ಪೆಟ್ರೋಲ್ ಥರ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಅಂದ್ರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಸೋರುವ ಜಾಗ ಮುಚ್ಚದೆ ಗ್ಯಾಸ್ ತುಂಬಿಸಿದರೆ, ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ನಾವು ಅದನ್ನೇ ಮಾಡಿದ್ದೆವು. ಎರಡು ವರ್ಷದ ಹಿಂದೆ ಮೂರು ಪೌಂಡ್ ತುಂಬಿಸಿ, "ಸರಿಹೋಯ್ತು" ಅಂದುಕೊಂಡು ಮರೆತಿದ್ದೆವು.

ಒಳ್ಳೆಯ ಗ್ಯಾಸ್ ಕೆಟ್ಟದ್ದಾದ ಕಥೆ

ನೂರು ವರ್ಷದ ಹಿಂದೆ ಫ್ರಿಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್‌ನಂಥ ವಿಷಾನಿಲಗಳಿದ್ದವು. ಸೋರಿದರೆ ಜೀವಕ್ಕೇ ಅಪಾಯ. 1928ರಲ್ಲಿ ಥಾಮಸ್ ಮಿಜ್ಲಿ ಎಂಬ ಅಮೆರಿಕದ ವಿಜ್ಞಾನಿ ಮತ್ತು ಅವರ ಜೊತೆಗಾರರು ವಿಷವಲ್ಲದ, ಉರಿಯದ ಹೊಸ ಅನಿಲ ಕಂಡುಹಿಡಿದರು. ಅದು ಸಿಎಫ್‌ಸಿ. ಫ್ರಿಯಾನ್ ಅನ್ನೋ ಹೆಸರಿನಲ್ಲಿ ಪ್ರಸಿದ್ಧವಾಯಿತು. ಮಿಜ್ಲಿ ಒಂದು ಸಭೆಯಲ್ಲಿ ಅದನ್ನು ಉಸಿರಿನಲ್ಲಿ ಎಳೆದುಕೊಂಡು, ಮೇಣದಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದರಂತೆ!

1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ಎಂಬ ವಿಜ್ಞಾನಿಗಳು ಎಚ್ಚರಿಕೆ ಕೊಟ್ಟರು. ಸಿಎಫ್‌ಸಿ ಆಕಾಶದ ಎತ್ತರಕ್ಕೆ ಹೋದಾಗ ಸೂರ್ಯನ ಬಿಸಿಲಿಗೆ ಒಡೆದು ಕ್ಲೋರಿನ್ ಬಿಡುತ್ತದೆ. ಆ ಕ್ಲೋರಿನ್ ಓಝೋನ್ ಪದರವನ್ನು ತಿನ್ನುತ್ತದೆ. ಒಂದೇ ಒಂದು ಕ್ಲೋರಿನ್ ಪರಮಾಣು ಲಕ್ಷ ಓಝೋನ್ ಅಣುಗಳನ್ನು ಹಾಳುಮಾಡಬಲ್ಲದು. ಓಝೋನ್ ಇಲ್ಲದಿದ್ದರೆ ಸೂರ್ಯನ ಅತಿನೇರಳೆ ಕಿರಣಗಳಿಂದ ನಮ್ಮನ್ನು ಕಾಪಾಡುವ ಕೊಡೆಯೇ ಇಲ್ಲ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ಓಝೋನ್ ತುಂಬಾ ತೆಳುವಾಗಿರುವುದನ್ನು ಕಂಡುಹಿಡಿದರು. 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಇವತ್ತು ಜಗತ್ತಿನ ಎಲ್ಲಾ ದೇಶಗಳೂ ಅದರಲ್ಲಿವೆ. ಭಾರತ 1992ರಲ್ಲಿ ಸೇರಿತು.

ನಮ್ಮ ಆರ್-22 ಈ ಸಿಎಫ್‌ಸಿಯ ಚಿಕ್ಕ ತಮ್ಮ ಇದ್ದ ಹಾಗೆ. ಓಝೋನ್‌ಗೆ ಮಾಡುವ ಹಾನಿ ಅಣ್ಣನಿಗಿಂತ ಕಡಿಮೆ, ಆದರೆ ಇಲ್ಲ ಅಂತಲ್ಲ. ಅದಕ್ಕೇ ಅಮೆರಿಕದಲ್ಲಿ 2010ರಿಂದ ಹೊಸ ಯಂತ್ರಗಳಿಗೆ ಅಂತ ಅದನ್ನು ತಯಾರಿಸುವುದು ನಿಂತಿತು. 2020ರ ಜನವರಿ 1ರಿಂದ ತಯಾರಿಕೆ, ಆಮದು ಎರಡೂ ಪೂರ್ತಿ ನಿಂತವು.

ಹಾಗಾದರೆ ಬೆಲೆ ಯಾಕೆ ಏರಿತು?

ಪುಟಾಣಿಗಳೇ, ಹೀಗೆ ಯೋಚಿಸಿ. ಅಜ್ಜಿ ಹೋಳಿಗೆ ಮಾಡೋದನ್ನು ನಿಲ್ಲಿಸಿಬಿಟ್ಟರು. ಡಬ್ಬಿಯಲ್ಲಿ ಇರೋದಷ್ಟೇ. ಆದರೆ ಕೇಳುವ ಮಕ್ಕಳು ಇನ್ನೂ ಇದ್ದಾರೆ. ಕೊನೆಯ ಹೋಳಿಗೆಗೆ ಎಷ್ಟು ಜಗಳ ಆಗುತ್ತೆ ಅಂತ ನಿಮಗೇ ಗೊತ್ತು! ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅಂತಾರಲ್ಲ, ಹಾಗೆ. ಈಗ ಸಿಗುವ ಆರ್-22 ಎಂದರೆ ಹಿಂದೆ ದಾಸ್ತಾನು ಮಾಡಿದ್ದು, ಇಲ್ಲವೇ ಹಳೇ ಯಂತ್ರಗಳಿಂದ ತೆಗೆದು ಶುದ್ಧ ಮಾಡಿದ್ದು ಮಾತ್ರ.

"ಸರ್ಕಾರ ಹಳೇ ಎಸಿ ಬ್ಯಾನ್ ಮಾಡಿದೆಯಂತೆ" ಅಂತ ಕೆಲವರು ಹೇಳ್ತಾರೆ. ಅದು ತಪ್ಪು. ಹಳೇ ಎಸಿ ಇಟ್ಟುಕೊಳ್ಳಬಹುದು, ರಿಪೇರಿ ಮಾಡಿಸಬಹುದು. ಹೊಸದಾಗಿ ಗ್ಯಾಸ್ ತಯಾರಿಸುವಂತಿಲ್ಲ, ಅಷ್ಟೇ. ಹಳೇ ಮೆಷಿನ್‌ಗೆ ಸುಮ್ಮನೆ ಬೇರೆ ಹೊಸ ಗ್ಯಾಸ್ ತುಂಬಲೂ ಆಗಲ್ಲ. ಪ್ರತಿ ಗ್ಯಾಸ್‌ನ ಒತ್ತಡ ಬೇರೆ, ಕಂಪ್ರೆಸರ್‌ಗೆ ಬೇಕಾದ ಎಣ್ಣೆಯೂ ಬೇರೆಯಾಗಬಹುದು.

ಈಗ ಎರಡನೇ ಸುತ್ತು

ಆರ್-22 ಜಾಗಕ್ಕೆ ಆರ್-410ಎ ಬಂತು. ಇದು ಓಝೋನ್‌ಗೆ ತೊಂದರೆ ಮಾಡುವುದಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 2088 ಪಟ್ಟು ಜೋರು. (ಆರ್-22 ಕೂಡ ಕಡಿಮೆಯೇನಲ್ಲ, 1810 ಪಟ್ಟು.) ಅದಕ್ಕೆ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮತ್ತೊಂದು ಒಪ್ಪಂದವಾಯಿತು. ಅಮೆರಿಕದಲ್ಲಿ 2020ರ ಕಾಯಿದೆ ಪ್ರಕಾರ ಇಂಥ ಗ್ಯಾಸ್‌ಗಳ ತಯಾರಿಕೆ ಮತ್ತು ಆಮದು 2024ಕ್ಕೆ ಶೇಕಡಾ 40ರಷ್ಟು ಇಳಿದಿದೆ, 2036ಕ್ಕೆ ಶೇಕಡಾ 85ರಷ್ಟು ಇಳಿಯಬೇಕು. ಆದ್ದರಿಂದ ಆರ್-410ಎ ಇರುವ ಮನೆಯವರೂ ಮುಂದೆ ಇದೇ ಕಥೆ ನೋಡಬೇಕಾಗಬಹುದು. ಹೊಸ ಎಸಿಗಳಲ್ಲಿ ಈಗ ಆರ್-454ಬಿ (466 ಪಟ್ಟು) ಅಥವಾ ಆರ್-32 (675 ಪಟ್ಟು) ಬರುತ್ತಿವೆ. ಇವು ಸ್ವಲ್ಪ ಮಟ್ಟಿಗೆ ಉರಿಯುವ ಗುಣದವು, ಆದ್ದರಿಂದ ಅಳವಡಿಸಲು ಬೇರೆ ಸುರಕ್ಷತಾ ನಿಯಮಗಳಿವೆ.

"ನಮ್ಮೂರಲ್ಲೂ ಹೀಗಾಗುತ್ತಾ?" ಅಂತ ಅಜ್ಜಿ ಕೇಳಿದರು. ಆಗುತ್ತೆ, ಸ್ವಲ್ಪ ನಿಧಾನವಾಗಿ. ಭಾರತದಲ್ಲಿ ಹೊಸ ಯಂತ್ರಗಳ ತಯಾರಿಕೆಗೆ ಆರ್-22 ಬಳಸುವುದು 2025ರ ಆರಂಭದಿಂದ ನಿಂತಿದೆ. ಆರ್-410ಎ ಥರದವನ್ನು 2032ರಿಂದ ಹಂತ ಹಂತವಾಗಿ ಇಳಿಸಿ, 2047ಕ್ಕೆ ಶೇಕಡಾ 85ರಷ್ಟು ಕಡಿಮೆ ಮಾಡಬೇಕು. ಊರಿನಲ್ಲಿ ಈಗ ಮಾರುವ ಎಷ್ಟೋ ಎಸಿಗಳಲ್ಲಿ ಆಗಲೇ ಆರ್-32 ಇದೆ.

ಅಪ್ಪನ ಪ್ರಶ್ನೆ, ನನ್ನ ಲೆಕ್ಕ

ಅಪ್ಪ ಕೇಳಿದರು: "ಗಾಳಿ ಎಲ್ಲರದ್ದು, ಬಿಲ್ ಮಾತ್ರ ನಮ್ಮದಾ?" ಈ ಪ್ರಶ್ನೆ ನ್ಯಾಯವಾದದ್ದೇ. ಹಳೇ ಮನೆ ಕೊಂಡಾಗ ನಮಗೆ ಇದು ಗೊತ್ತಿರಲಿಲ್ಲ. ಹೊಸ ಎಸಿಗೆ ಸಾವಿರಾರು ಡಾಲರ್ ಬೇಕು, ಎಲ್ಲರ ಹತ್ತಿರವೂ ಅಷ್ಟು ಇರಲ್ಲ. ಅಂಥವರ ಮನೆಯಲ್ಲೂ ಅಜ್ಜಿ ತಾತ ಇರುತ್ತಾರೆ.

ಆದರೆ ನಾನು ಒಂದು ಲೆಕ್ಕ ಮಾಡಿದೆ. ಎರಡು ವರ್ಷದ ಹಿಂದೆ ತುಂಬಿಸಿದ ಮೂರು ಪೌಂಡ್, ಅಂದರೆ 1.36 ಕಿಲೋ, ಗಾಳಿಗೆ ಸೇರಿತ್ತು. ಅದನ್ನು 1810ರಿಂದ ಗುಣಿಸಿದರೆ ಸುಮಾರು 2460 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಇಲ್ಲಿನ ಒಂದು ಸಾಮಾನ್ಯ ಕಾರು ವರ್ಷಕ್ಕೆ ಬಿಡುವುದು ಸುಮಾರು 4600 ಕಿಲೋ. ಅಂದರೆ ಯಾರಿಗೂ ಕಾಣದ ಹಾಗೆ, ಯಾರೂ ಓಡಿಸದ ಒಂದು ಕಾರು ನಮ್ಮ ಹಿತ್ತಲಲ್ಲಿ ಅರ್ಧ ವರ್ಷಕ್ಕೂ ಹೆಚ್ಚು ಓಡಿತ್ತು! ಈ ಲೆಕ್ಕ ತೋರಿಸಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆವತ್ತೇ ಸೋರೋ ಜಾಗ ಹುಡುಕಿಸಬೇಕಿತ್ತು" ಅಂದರು.

ಕೊನೆಗೆ ಕಂತಿನಲ್ಲಿ ಹೊಸ ಎಸಿ ತಗೊಂಡ್ವಿ. ಈ ವರ್ಷ ಬೇಸಿಗೆ ಪ್ರವಾಸ ಇಲ್ಲ ಅಂತ ಆಯ್ತು. ಹಳೆಯದನ್ನು ತೆಗೆಯುವಾಗ ರಿಪೇರಿಯವರು ಉಳಿದ ಗ್ಯಾಸನ್ನು ಒಂದು ಸಿಲಿಂಡರ್‌ಗೆ ಎಳೆದು, ತೂಕ ಮಾಡಿ ತೆಗೆದುಕೊಂಡು ಹೋದರು. ಅದನ್ನು ಬೇಕಂತಲೇ ಗಾಳಿಗೆ ಬಿಡುವುದು ಇಲ್ಲಿ ಕಾನೂನಿಗೆ ವಿರುದ್ಧ. ಶುದ್ಧ ಮಾಡಿದರೆ ಅದೇ ಗ್ಯಾಸ್ ನಮ್ಮಂಥ ಇನ್ನೊಂದು ಮನೆಯ ಹಳೇ ಎಸಿಗೆ ಬರುತ್ತದೆ.

ಅಪ್ಪ ಅಮ್ಮಂದಿರಿಗೆ ನಾಲ್ಕು ಮಾತು

1. "ಗ್ಯಾಸ್ ಕಡಿಮೆ ಇದೆ" ಅಂದರೆ, "ಎಲ್ಲಿ ಸೋರುತ್ತಿದೆ?" ಅಂತ ಮೊದಲು ಕೇಳಿ.
2. ಯಾವ ಗ್ಯಾಸ್, ಎಷ್ಟು ಪೌಂಡ್, ಪೌಂಡಿಗೆ ಎಷ್ಟು ಅಂತ ಬರೆಸಿಕೊಳ್ಳಿ.
3. ಕೆಲಸ ಮಾಡುವವರಿಗೆ ಗ್ಯಾಸ್ ಮುಟ್ಟಲು ಬೇಕಾದ ಸರ್ಟಿಫಿಕೇಟ್ ಇದೆಯೇ ನೋಡಿ.
4. ಬೇಸಿಗೆಗೆ ಮುಂಚೆಯೇ ಪರೀಕ್ಷೆ ಮಾಡಿಸಿ. ಬಿಸಿಲಲ್ಲಿ ಬೆವರುತ್ತಾ ಕೂತಾಗ ಚೌಕಾಸಿ ಮಾಡಲು ಆಗುವುದಿಲ್ಲ.

ಇಷ್ಟೆಲ್ಲ ಖರ್ಚಿಗೆ ಫಲ ಇದೆಯಾ? ಇದೆ. ಎಲ್ಲರೂ ಹೀಗೇ ನಡೆದುಕೊಂಡರೆ ಓಝೋನ್ ಪದರ ಜಗತ್ತಿನ ಬಹುಭಾಗದಲ್ಲಿ 2040ರ ಹೊತ್ತಿಗೆ, ಅಂಟಾರ್ಕ್ಟಿಕಾದ ಮೇಲೆ 2066ರ ಹೊತ್ತಿಗೆ, 1980ರ ಸ್ಥಿತಿಗೆ ಮರಳುತ್ತದೆ ಅಂತ ವಿಶ್ವಸಂಸ್ಥೆಯ ವಿಜ್ಞಾನಿಗಳು ಹೇಳಿದ್ದಾರೆ. 2066ಕ್ಕೆ ನನಗೆ 56 ವರ್ಷ. ಈ ಪತ್ರಿಕೆ ಓದುತ್ತಿರುವ ಒಂದನೇ ತರಗತಿಯ ಮಕ್ಕಳಿಗೆ ಇನ್ನೂ 50 ಕೂಡ ಆಗಿರುವುದಿಲ್ಲ.

ಮನೆಗೆ ಹೋದ ಮೇಲೆ ಎಸಿಯ ಹೊರಗಿನ ಪೆಟ್ಟಿಗೆಯ ಲೇಬಲ್ ನೋಡಿ. ಅಲ್ಲಿ "ಆರ್" ಅಂತ ಶುರುವಾಗುವ ಒಂದು ಹೆಸರಿರುತ್ತೆ. ನಿಮ್ಮದು ಯಾವುದು? ಮುಂದಿನ ಶನಿವಾರ ತರಗತಿಯಲ್ಲಿ ಹೇಳಿ, ಎಲ್ಲರದ್ದೂ ಬೋರ್ಡ್ ಮೇಲೆ ಬರೆಯೋಣ.

ಅಂದಹಾಗೆ, ಹೊಸ ಎಸಿ ಬಂದ ದಿನ ಅಜ್ಜಿ ಮನೆಗೆ ವಾಪಸ್ ಬಂದರು. ಬಂದವರೇ ಕೇಳಿದ್ದು: "ಇಲ್ಲಿ ಮಣ್ಣಿನ ಮಡಕೆ ಎಲ್ಲಿ ಸಿಗುತ್ತೆ?" ಇನ್ನೂ ಹುಡುಕ್ತಾ ಇದ್ದೀವಿ. ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.