ಹಳೆಯ ಹೈಬ್ರಿಡ್ ಕಾರು: ದೀಪ ಹೊತ್ತಿದ ಮಾತ್ರಕ್ಕೆ ಬ್ಯಾಟರಿ ಕೆಟ್ಟಿಲ್ಲ

ದೇವನಹಳ್ಳಿ: ವಿಮಾನ ನಿಲ್ದಾಣದ ನಿಲುಗಡೆ ತಾಣದಲ್ಲಿ ಎರಡು-ಮೂರು ವಾರ ನಿಂತ ಹಳೆಯ ಹೈಬ್ರಿಡ್ ಕಾರು. ಊರಿನಿಂದ ಮರಳಿದ ಮಾಲೀಕರು ಸ್ಟಾರ್ಟ್ ಗುಂಡಿ ಒತ್ತಿದರೆ ಡ್ಯಾಶ್‌ಬೋರ್ಡ್ ತುಂಬ ಎಚ್ಚರಿಕೆಯ ದೀಪಗಳು. ಹೊತ್ತಬೇಕಾದ ‘ರೆಡಿ’ ದೀಪ ಮಾತ್ರ ಹೊತ್ತುವುದಿಲ್ಲ. ಲಕ್ಷ ರೂಪಾಯಿ ಮೀರುವ ದೊಡ್ಡ ಬ್ಯಾಟರಿಯೇ ಹೋಯಿತೆಂಬ ಆತಂಕ ಸಹಜ. ಆದರೆ ಇಂತಹ ಸಂದರ್ಭಗಳಲ್ಲಿ ಮೊದಲು ಶಂಕಿಸಬೇಕಾದದ್ದು ಕೆಲವು ಸಾವಿರ ರೂಪಾಯಿಗೆ ದೊರೆಯುವ 12 ವೋಲ್ಟ್‌ನ ಚಿಕ್ಕ ಬ್ಯಾಟರಿಯನ್ನು.

ಭಾರತದಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ 2008ರಲ್ಲಿ, ಟೊಯೊಟಾ ಪ್ರಿಯಸ್ 2010ರಲ್ಲಿ ಮಾರುಕಟ್ಟೆಗೆ ಬಂದವು. 2013ರಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ ತಯಾರಿಕೆ ಆರಂಭವಾಯಿತು. 2022ರಲ್ಲಿ ಹೈರೈಡರ್, ಗ್ರ್ಯಾಂಡ್ ವಿಟಾರಾ ಹಾಗೂ ಇನ್ನೋವಾ ಹೈಕ್ರಾಸ್‌ಗಳೂ ಅಲ್ಲಿಂದಲೇ ಹೊರಬಂದವು. ಈ ಪೈಕಿ ಹಳೆಯವು ಈಗ ಎರಡನೆಯ, ಮೂರನೆಯ ಮಾಲೀಕರ ಕೈಯಲ್ಲಿವೆ. ದೋಷ ಪತ್ತೆಯ ಕ್ರಮ ತಿಳಿಯದಿದ್ದರೆ ಜೇಬಿಗೆ ಕತ್ತರಿ ಬೀಳುವುದು ಖಚಿತ.

ಎರಡು ಬ್ಯಾಟರಿ, ಎರಡು ಕೆಲಸ

ಪೂರ್ಣ ಪ್ರಮಾಣದ ಹೈಬ್ರಿಡ್ ಕಾರಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ. ದೊಡ್ಡದು ಚಕ್ರ ತಿರುಗಿಸುವ ಮೋಟಾರಿಗೆ ವಿದ್ಯುತ್ ನೀಡುತ್ತದೆ. ಎಂಜಿನ್ ಚಾಲೂ ಆಗುವುದೂ ಅದರ ಬಲದಿಂದಲೇ. 2013ರ ಕ್ಯಾಮ್ರಿಯಲ್ಲಿ ಇದು ಸುಮಾರು 245 ವೋಲ್ಟ್‌ನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಹೈರೈಡರ್‌ನಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಚಿಕ್ಕ 12 ವೋಲ್ಟ್ ಬ್ಯಾಟರಿಯ ಕೆಲಸ ಕಾರಿನ ಕಂಪ್ಯೂಟರ್‌ಗಳನ್ನು ಎಚ್ಚರಿಸಿ, ದೊಡ್ಡ ಬ್ಯಾಟರಿಯ ಸಂಪರ್ಕ ಕೂಡಿಸುವುದು. ಚಿಕ್ಕದು ದುರ್ಬಲವಾದರೆ ಕಂಪ್ಯೂಟರ್‌ಗಳು ತಬ್ಬಿಬ್ಬಾಗಿ, ಸಂಬಂಧವೇ ಇಲ್ಲದ ದೀಪಗಳನ್ನೂ ಹೊತ್ತಿಸಿಬಿಡುತ್ತವೆ.

ಹೈಬ್ರಿಡ್ ಎಂಬ ಹೆಸರಿದ್ದ ಎಲ್ಲ ಕಾರುಗಳೂ ಒಂದೇ ಅಲ್ಲ. 2015ರಲ್ಲಿ ಬಂದ ಮಾರುತಿ ಸಿಯಾಝ್ ಮತ್ತು ಎರ್ಟಿಗಾದ ಎಸ್‌ಎಚ್‌ವಿಎಸ್ ಮಾದರಿಗಳು 12 ವೋಲ್ಟ್ ವ್ಯವಸ್ಥೆಯ ‘ಮೈಲ್ಡ್ ಹೈಬ್ರಿಡ್’ಗಳು. ಅವುಗಳಲ್ಲಿ ಅಪಾಯಕಾರಿ ವೋಲ್ಟೇಜ್‌ನ ಬ್ಯಾಟರಿ ಇಲ್ಲ; ರಿಪೇರಿ ವೆಚ್ಚವೂ ಅಷ್ಟಾಗಿ ಹೆದರಿಸುವಂತಹುದಲ್ಲ.

ಬಣ್ಣ ಹೇಳುವ ಮಾತು

ಹಳದಿ ದೀಪವೆಂದರೆ ಶೀಘ್ರ ತಪಾಸಣೆ ಬೇಕೆಂದರ್ಥ. ಕೆಂಪು ಎಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕೆಂದರ್ಥ. ಕೆಂಪು ತ್ರಿಕೋನ ತಾನಾಗಿ ಯಾವ ದೋಷವನ್ನೂ ಹೆಸರಿಸದು. ಜೊತೆಗೆ ಹೊತ್ತಿದ ದೀಪ ಅಥವಾ ಪರದೆಯ ಸಂದೇಶವನ್ನು ನೋಡಬೇಕು. ಕೆಂಪು ಬ್ಯಾಟರಿ ಚಿತ್ರ ಸಾಮಾನ್ಯವಾಗಿ ಸೂಚಿಸುವುದು 12 ವೋಲ್ಟ್ ಚಾರ್ಜಿಂಗ್ ದೋಷವನ್ನು, ದೊಡ್ಡ ಬ್ಯಾಟರಿಯನ್ನಲ್ಲ. ದೀಪಗಳ ಫೋಟೊ ತೆಗೆದಿಟ್ಟುಕೊಳ್ಳುವುದು ಜಾಣತನ.

ಮೊದಲು ಅಗ್ಗದ ಪರೀಕ್ಷೆ

ಸಾಮಾನ್ಯ ಮಲ್ಟಿಮೀಟರ್ ಸಾಕು. ಕೆಲವು ಗಂಟೆ ನಿಂತ ಕಾರಿನ ಚಿಕ್ಕ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಅದರಲ್ಲಿ ಚಾರ್ಜ್ ಇದೆ. 12ಕ್ಕಿಂತ ಕೆಳಗಿಳಿದಿದ್ದರೆ ಬಹುತೇಕ ಖಾಲಿ. ‘ರೆಡಿ’ ಸ್ಥಿತಿಯಲ್ಲಿ 14 ವೋಲ್ಟ್ ಆಸುಪಾಸು ಬರಬೇಕು. ಬಾರದಿದ್ದರೆ ಚಾರ್ಜ್ ಮಾಡುವ ಪರಿವರ್ತಕವನ್ನು ಪರೀಕ್ಷಿಸಬೇಕು. ಬೇರೆ ವಾಹನದಿಂದ ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್-ಮೈನಸ್ ಅದಲುಬದಲಾದರೆ ದುಬಾರಿ ಬಿಡಿಭಾಗಗಳು ಸುಟ್ಟುಹೋಗಬಹುದು. ಡಿಕ್ಕಿಯಲ್ಲಿ ಚಿಕ್ಕ ಬ್ಯಾಟರಿ ಇರುವ ಕಾರುಗಳಿಗೆ ಕಂಪನಿ ಸೂಚಿಸಿದ ಬಗೆಯದನ್ನೇ ಹಾಕಬೇಕು.

ಎರಡನೆಯದು ಧೂಳು. ದೊಡ್ಡ ಬ್ಯಾಟರಿ ತಂಪಾಗಲು ಹಲವು ಮಾದರಿಗಳಲ್ಲಿ ಹಿಂಬದಿ ಆಸನದ ಪಕ್ಕದ ಜಾಲರಿಯಿಂದ ಫ್ಯಾನ್ ಗಾಳಿ ಎಳೆಯುತ್ತದೆ. ಮಣ್ಣುರಸ್ತೆ, ಕಲ್ಲುಗಣಿಗಳ ಧೂಳು, ಕೂದಲು ಅಲ್ಲಿ ಕಟ್ಟಿಕೊಂಡರೆ, ಅಥವಾ ಬ್ಯಾಗು, ಹೊದಿಕೆಗಳಿಂದ ಜಾಲರಿ ಮುಚ್ಚಿದರೆ ಬ್ಯಾಟರಿ ಬಿಸಿಯಾಗಿ ಆಯುಷ್ಯ ಕುಗ್ಗುತ್ತದೆ. ಫ್ಯಾನ್ ಸದಾ ಗದ್ದಲ ಮಾಡುತ್ತಿದ್ದರೆ ಮೊದಲು ಅದನ್ನು ಶುಚಿ ಮಾಡಿಸಬೇಕು.

ಸಂಕೇತ ಓದದೆ ತೀರ್ಪು ಬೇಡ

ಮುಂದಿನ ಹಂತ ಸ್ಕ್ಯಾನರ್. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಜೋಡಿಸಿದರೆ ದೋಷ ಸಂಕೇತಗಳು ಕಾಣುತ್ತವೆ. ಸಾಮಾನ್ಯ ಸ್ಕ್ಯಾನರ್ ಹೈಬ್ರಿಡ್ ವಿಭಾಗದ ಸಂಕೇತಗಳನ್ನೆಲ್ಲ ಓದಲಾರದು. ಆ ಸೌಲಭ್ಯವುಳ್ಳದ್ದೇ ಬೇಕು. ಪಿ0ಎ93 ಇನ್ವರ್ಟರ್ ತಂಪು ವ್ಯವಸ್ಥೆಯ ದೋಷ. ಅದಕ್ಕೆ ಕೂಲಂಟ್ ಪಂಪ್ ಕಾರಣವಿರಬಹುದು. ಪಿ0ಎಎ6 ಎಂದರೆ ಅಧಿಕ ವೋಲ್ಟೇಜ್ ಸೋರಿಕೆ. ಆ ಕಾರನ್ನು ತಜ್ಞರ ವಿನಾ ಯಾರೂ ಮುಟ್ಟಬಾರದು.

ಹೆಚ್ಚು ಗೊಂದಲ ಹುಟ್ಟಿಸುವುದು ಪಿ0ಎ80. ಇದರ ವಿವರಣೆಯೇ ‘ಹೈಬ್ರಿಡ್ ಬ್ಯಾಟರಿ ಬದಲಿಸಿ’ ಎಂದಿರುತ್ತದೆ. ಆದರೂ ಕೋಶಗಳನ್ನು ಜೋಡಿಸುವ ತಾಮ್ರದ ಪಟ್ಟಿ ಅಥವಾ ವೋಲ್ಟೇಜ್ ಅಳೆಯುವ ತಂತಿ ತುಕ್ಕು ಹಿಡಿದರೂ ಇದೇ ಸಂಕೇತ ಬರಬಲ್ಲದು. ಆದ್ದರಿಂದ ಬ್ಲಾಕ್‌ವಾರು ವೋಲ್ಟೇಜ್ ನೋಡಬೇಕು. ಪ್ರಿಯಸ್‌ನಲ್ಲಿ ಇಂತಹ 14, 2013ರ ಕ್ಯಾಮ್ರಿಯಲ್ಲಿ 17 ಬ್ಲಾಕ್‌ಗಳಿವೆ. ಕಾರು ವೇಗ ಪಡೆಯುವಾಗ ಒಂದು ಬ್ಲಾಕ್ ಮಾತ್ರ ಉಳಿದವುಗಳಿಗಿಂತ ಒಂದು ವೋಲ್ಟ್‌ಗೂ ಹೆಚ್ಚು ಕುಸಿಯುತ್ತಿದ್ದರೆ ಅದು ದುರ್ಬಲವಾಗಿದೆ ಎನ್ನಬಹುದು. ಆ ಭಾಗವನ್ನಷ್ಟೇ ಬದಲಿಸುವುದು ತಾತ್ಕಾಲಿಕ ಪರಿಹಾರ. ಅಷ್ಟೇ ವಯಸ್ಸಾದ ಉಳಿದ ಭಾಗಗಳೂ ಒಂದೊಂದಾಗಿ ಕೈಕೊಡುವ ಸಂಭವವಿದೆ.

ಕೊಳ್ಳುವ ಮುನ್ನ

ಮಾರಾಟಕ್ಕೆ ಮುನ್ನ ಸ್ಕ್ಯಾನರ್‌ನಿಂದ ಸಂಕೇತ ಅಳಿಸಿ ದೀಪ ಆರಿಸುವುದು ಸುಲಭ. ದೋಷ ಉಳಿದಿದ್ದರೆ ಕಾರು ಓಡಿದ ಮೇಲೆ ದೀಪ ಮತ್ತೆ ಹೊತ್ತುತ್ತದೆ, ಅಷ್ಟರಲ್ಲಿ ಹಣ ಕೈದಾಟಿರುತ್ತದೆ. ‘ಸಂಕೇತ ಅಳಿಸಿದ ನಂತರ ಕ್ರಮಿಸಿದ ದೂರ’ ಎಂಬ ಅಂಕಿಯನ್ನು ಅನೇಕ ಸ್ಕ್ಯಾನರ್‌ಗಳು ತೋರಿಸುತ್ತವೆ. ಅದು ಹತ್ತಿಪ್ಪತ್ತು ಕಿಲೋಮೀಟರ್ ಮಾತ್ರ ಇದ್ದರೆ ಕಾರಣ ಕೇಳಲೇಬೇಕು. ಚಿಕ್ಕ ಬ್ಯಾಟರಿ ಈಚೆಗೆ ಬದಲಾಗಿದ್ದರೂ ಹೀಗಾಗಬಹುದು. ಹಾಗಿದ್ದರೆ ಅದರ ಬಿಲ್ಲು ಇರಬೇಕು.

ಅರ್ಧ ಗಂಟೆಯಾದರೂ ಓಡಿಸಿ ನೋಡುವುದು ಅಗತ್ಯ. ನಂದಿ ಬೆಟ್ಟದ ಇಳಿಜಾರಿನಲ್ಲಿ ಬ್ಯಾಟರಿ ಪಟ್ಟಿ ಬೇಗ ತುಂಬುವುದು ಸಹಜ. ಆದರೆ ದೊಡ್ಡಬಳ್ಳಾಪುರ ರಸ್ತೆಯ ಸಮತಟ್ಟಿನಲ್ಲೂ ಪಟ್ಟಿ ಥಟ್ಟನೆ ಇಳಿದು ಏರುತ್ತಿದ್ದರೆ, ಎಂಜಿನ್ ವಿರಮಿಸದೆ ಓಡುತ್ತಿದ್ದರೆ ಬ್ಯಾಟರಿಯ ಶಕ್ತಿ ಕುಂದಿರುವ ಸಾಧ್ಯತೆಯಿದೆ. ಟೊಯೊಟಾ ಈಗಿನ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅಷ್ಟು ವಾರಂಟಿ ನೀಡುತ್ತದೆ. ಬಾಕಿ ಎಷ್ಟು, ಹೊಸ ಮಾಲೀಕರಿಗೆ ಅನ್ವಯಿಸುವುದೇ ಎಂಬುದನ್ನು ಲಿಖಿತವಾಗಿ ಪಡೆಯಬೇಕು.

ಕಿತ್ತಳೆ ತಂತಿಯ ಲಕ್ಷ್ಮಣರೇಖೆ

ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣ ತೆಗೆಯಬಲ್ಲ ವಿದ್ಯುತ್ ಹರಿಯುತ್ತದೆ. ಕಾರು ಬಂದ್ ಮಾಡಿ ಸರ್ವೀಸ್ ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಬರಿದಾಗಲು ಸುಮಾರು 10 ನಿಮಿಷ ಕಾಯಬೇಕು. ಬಳಿಕ ವಿಶೇಷ ಕೈಗವಸು ಧರಿಸಿ ವೋಲ್ಟೇಜ್ ಶೂನ್ಯವೆಂದು ಅಳೆದು ಖಚಿತಪಡಿಸಿಕೊಳ್ಳಬೇಕು. ತರಬೇತಿ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಸಲ್ಲದು. ಬದಲಿಸಿದ ಬ್ಯಾಟರಿಯೂ ಗುಜರಿ ಸೇರಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಅಧಿಕೃತ ಸಂಗ್ರಹಣೆ ಅಥವಾ ಮರುಬಳಕೆ ಕೇಂದ್ರವನ್ನೇ ಸೇರಬೇಕು.

ಮೊದಲು ಚಿಕ್ಕ ಬ್ಯಾಟರಿ, ನಂತರ ಗಾಳಿಯ ದಾರಿ, ಆಮೇಲೆ ಸಂಕೇತ, ಕಡೆಗೆ ಬ್ಲಾಕ್ ಪರೀಕ್ಷೆ. ಈ ಸರದಿ ಮುಗಿಯುವವರೆಗೆ ದೊಡ್ಡ ಬ್ಯಾಟರಿಗೆ ಮುಂಗಡ ಕೊಡದಿರುವುದೇ ಲೇಸು.