ಬೆನ್ನಿಗಂಟುವ ಚೀಲ: ಬೆಟ್ಟದ ಓಟಕ್ಕೆ ವೆಸ್ಟ್ ಆರಿಸುವ ಬಗೆ

ರನ್ನಿಂಗ್ ವೆಸ್ಟ್ ಕೊಳ್ಳಲು ಹೋದವರು ಮೊದಲು ನೋಡುವುದು ಚೀಟಿಯ ಮೇಲಿನ ತೂಕ. ಒಂದು 240 ಗ್ರಾಂ, ಪಕ್ಕದ್ದು 180 ಗ್ರಾಂ. ಆ 60 ಗ್ರಾಂ ಉಳಿಸಲು ಎರಡು ಮೂರು ಸಾವಿರ ರೂಪಾಯಿ ಹೆಚ್ಚು ತೆರಲೂ ಸಿದ್ಧರಾಗುತ್ತಾರೆ. ಮನೆಗೆ ಬಂದು ಒಂದೂವರೆ ಲೀಟರ್ ನೀರು ತುಂಬಿದರೆ ಮೈಮೇಲೆ ಏರುವುದು ಒಂದೂವರೆ ಕಿಲೊ. ಉಳಿಸಿದ 60 ಗ್ರಾಂ ಎಂದರೆ ಎರಡು ಗುಟುಕು ನೀರು. ಮೊದಲ ಏರು ಮುಗಿಯುವುದರೊಳಗೆ ಅದು ಹೊಟ್ಟೆ ಸೇರಿರುತ್ತದೆ. ಹಗುರ ಚೀಲ ಬೇಡವೆಂದಲ್ಲ. ಆದರೆ ಆಯ್ಕೆ ಚೀಲದಿಂದಲೇ ಶುರುವಾದರೆ ಲೆಕ್ಕ ತಲೆಕೆಳಗು. ಯಾವ ದಾರಿ, ಆ ದಾರಿಗೆ ಏನೇನು ಸಾಮಾನು, ಅಷ್ಟು ಸಾಮಾನು ಹಿಡಿಸಲು ಎಷ್ಟು ದೊಡ್ಡ ಚೀಲ, ಆ ಚೀಲ ನಿಮ್ಮ ಎದೆಗೆ ಒಪ್ಪುತ್ತದೆಯೇ ಎಂದು ಈ ಸಾಲಿನಲ್ಲೇ ಯೋಚಿಸಿ. ತೂಕದ ಪ್ರಶ್ನೆ ತಾನಾಗಿಯೇ ಚಿಕ್ಕದಾಗುತ್ತದೆ.

ಓಡುವವರು ನೀರು ಹೊರುವ ಬಗೆ ಬಹುಕಾಲ ಒರಟಾಗಿಯೇ ಇತ್ತು. ಕೈಯಲ್ಲೊಂದು ಬಾಟಲಿ, ಇಲ್ಲವೇ ಸೊಂಟದ ಪಟ್ಟಿಗೆ ಸಿಕ್ಕಿಸಿದ ಎರಡು. 1989ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಮೈಕೆಲ್ ಐಡ್‌ಸನ್ ಎಂಬಾತ ಸುಡುಬಿಸಿಲಿನ ನೂರು ಮೈಲಿ ಸೈಕಲ್ ಸವಾರಿಗೆ ಹೊರಟಿದ್ದ. ವೃತ್ತಿಯಲ್ಲಿ ತುರ್ತು ಚಿಕಿತ್ಸೆಯ ಸಿಬ್ಬಂದಿ. ಡ್ರಿಪ್ ಹಾಕುವ ಚೀಲಕ್ಕೆ ನೀರು ತುಂಬಿ, ಅದನ್ನು ಉದ್ದನೆಯ ಕಾಲುಚೀಲದೊಳಗೆ ತೂರಿಸಿ, ಅಂಗಿಯ ಬೆನ್ನಿಗೆ ಕೂಡಿಸಿದ. ಕೊಳವೆಯನ್ನು ಭುಜದ ಮೇಲಿಂದ ಮುಂದಕ್ಕೆ ತಂದು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಕಚ್ಚಿಸಿದ. ಕ್ಯಾಮೆಲ್‌ಬ್ಯಾಕ್ ಕಂಪನಿ ಹುಟ್ಟಿದ್ದು ಹಾಗೆ. ನೀರು ಬೆನ್ನಿಗೇರಿತು, ಆದರೆ ಆ ಚೀಲ ಸೈಕಲ್ಲಿಗೆ ಒಗ್ಗಿದಷ್ಟು ಓಟಕ್ಕೆ ಒಗ್ಗಲಿಲ್ಲ. ಸೈಕಲ್ ಸವಾರನ ಬೆನ್ನು ಬಹುಮಟ್ಟಿಗೆ ಸ್ಥಿರ, ಓಟಗಾರನದು ಹಾಗಲ್ಲ. ಮುಂದೆ 2010ರ ಆಸುಪಾಸಿನಿಂದ ಬೆಟ್ಟದ ಓಟಗಾರರೇ ಕಂಪನಿಗಳ ಜೊತೆ ಕೂತು ರೂಪಿಸಿದ ಚೀಲಗಳು ಬರತೊಡಗಿದವು. ಓಟಗಾರ ಕಿಲಿಯನ್ ಜೊರ್ನೆಟ್ ಜೊತೆಗೂಡಿ ಸಾಲೊಮನ್ ಕಂಪನಿ ತಂದ ಚೀಲಗಳು, ಓಟಗಾರರಾದ ಸ್ಕಾಟ್ ಜುರೆಕ್, ಆಂಟನ್ ಕ್ರುಪಿಚ್ಕಾ ಹೆಸರಿನಲ್ಲಿ ಅಲ್ಟಿಮೇಟ್ ಡೈರೆಕ್ಷನ್ ಕಂಪನಿ ತಂದ ಚೀಲಗಳು ಬೆನ್ನಿಗೆ ಜೋತುಬೀಳದೆ ಬನಿಯನ್ನಿನ ಹಾಗೆ ಮೈಗೆ ಕೂತವು. ಇಂದು ಅಂಗಡಿಯಲ್ಲಿ ಸಿಗುವ ಬಹುತೇಕ ವೆಸ್ಟ್‌ಗಳು ಇದೇ ವಂಶದವು.

ಬೆನ್ನಚೀಲಕ್ಕೂ ವೆಸ್ಟ್‌ಗೂ ಇರುವ ನಿಜವಾದ ವ್ಯತ್ಯಾಸ ಕುಲುಕಾಟದ್ದು. ಓಡುವಾಗ ನಮ್ಮ ಮೈ ಪ್ರತಿ ಹೆಜ್ಜೆಗೂ ಆರೇಳು ಸೆಂಟಿಮೀಟರ್ ಮೇಲೆದ್ದು ಕೆಳಗಿಳಿಯುತ್ತದೆ. ನಿಮಿಷಕ್ಕೆ 160–180 ಹೆಜ್ಜೆ. ಚೀಲ ಸಡಿಲವಾಗಿದ್ದರೆ ಮೈ ಇಳಿಯುವಾಗ ಅದು ಇನ್ನೂ ಮೇಲಿರುತ್ತದೆ, ಮೈ ಮತ್ತೆ ಏರುವ ಹೊತ್ತಿಗೆ ಅದು ಕೆಳಕ್ಕೆ ಬಂದು ಭುಜಕ್ಕೆ ಗುದ್ದುತ್ತದೆ. ಗಂಟೆಗೆ ಹತ್ತು ಸಾವಿರ ಗುದ್ದು ಎಂದು ಲೆಕ್ಕ ಹಾಕಿದರೆ, ಕಿಲೊ ಭಾರ ಹೊತ್ತವನಿಗಿಂತ ಅರ್ಧ ಕಿಲೊ ಕುಲುಕಿಸಿಕೊಂಡವನು ಮೊದಲು ಸುಸ್ತಾಗುವುದು ಏಕೆಂದು ತಿಳಿಯುತ್ತದೆ. ಮಗುವನ್ನು ಉಪ್ಪುಮೂಟೆ ಹೊತ್ತವರಿಗೆಲ್ಲ ಇದು ಗೊತ್ತು: ಕೊರಳು ಬಳಸಿ ಅಂಟಿಕೊಂಡ ಕೂಸು ಹಗುರ, ಕೈ ಸಡಿಲಬಿಟ್ಟು ಜೋತಾಡುವ ಕೂಸು ಮಣಭಾರ. ವೆಸ್ಟ್ ಮಾಡುವ ಕೆಲಸ ಇಷ್ಟೇ. ಭಾರವನ್ನು ಮೇಲಕ್ಕೆ, ಬೆನ್ನಿಗೆ ಹತ್ತಿರಕ್ಕೆ, ಎದೆಗೂ ಬೆನ್ನಿಗೂ ಹಂಚಿ, ಮೈಯ ಜೊತೆಗೇ ಏರಿಳಿಯುವಂತೆ ಹಿಡಿದಿಡುವುದು. ಸೊಂಟಪಟ್ಟಿ ಅದಕ್ಕೆ ಬೇಕಿಲ್ಲ. ಇದ್ದರೆ ಉಸಿರಾಟಕ್ಕೆ ಅಡ್ಡಿ.

ದಾರಿಯ ಲೆಕ್ಕ, ನೀರಿನ ಲೆಕ್ಕ

ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತ ಹತ್ತುವ ದಾರಿಯನ್ನೇ ತೆಗೆದುಕೊಳ್ಳಿ. ಶಿಖರ 1,712 ಮೀಟರ್. ದೇವಸ್ಥಾನದ ಬಯಲಿನಿಂದ ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿದ ಏರು. ಹೆಚ್ಚುಕಡಿಮೆ ಅರ್ಧ ದಾರಿಗೆ ಸಿಗುವ ಭಟ್ಟರ ಮನೆಯವರೆಗೆ ದಟ್ಟ ಕಾಡು. ಅಲ್ಲಿಂದಾಚೆ ಹುಲ್ಲುಗಾವಲು, ಬೋಳು ಏಣು, ತಲೆಯ ಮೇಲೆ ನೇರ ಬಿಸಿಲು. ಕಲ್ಲುಮಂಟಪದ ಹತ್ತಿರ ತೊರೆಯಿದೆ, ಆದರೆ ಬೇಸಿಗೆ ಬಲಿತ ಮೇಲೆ ಅದನ್ನು ನೆಚ್ಚುವಂತಿಲ್ಲ. ಭಟ್ಟರ ಮನೆಯಿಂದ ಶೇಷಪರ್ವತ ದಾಟಿ, ಶಿಖರ ಮುಟ್ಟಿ ಮರಳಲು ಮೂರು ನಾಲ್ಕು ಗಂಟೆ ಎಂದಿಟ್ಟುಕೊಳ್ಳೋಣ. ಗಂಟೆಗೆ ಅರ್ಧ ಲೀಟರ್ ಎಂಬುದು ಮಧ್ಯಮ ಲೆಕ್ಕ. ಬೆವರು ಹೆಚ್ಚಿದವರಿಗೆ ಇನ್ನಷ್ಟು ಬೇಕು. ಎಂದರೆ ಒಂದೂವರೆಯಿಂದ ಎರಡು ಲೀಟರ್. ಅರ್ಧ ಲೀಟರಿನ ಎರಡು ಬಾಟಲಿ ಮಾತ್ರ ಹಿಡಿಯುವ ಪುಟ್ಟ ವೆಸ್ಟ್ ಎಷ್ಟೇ ಚಂದವಿದ್ದರೂ ಈ ದಾರಿಗೆ ಸಾಲದು. ಅದೇ ಚೀಲ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಸ್ಪರ್ಧೆಗೆ ಸಾಕಾದೀತು, ಏಕೆಂದರೆ ಅಲ್ಲಿ ದಾರಿಯುದ್ದಕ್ಕೂ ನೀರು, ಊಟದ ಠಾಣೆಗಳಿರುತ್ತವೆ. ಹಾಗಾಗಿ ಒಟ್ಟು ಎಷ್ಟು ಕಿಲೊಮೀಟರ್ ಎಂದು ಕೇಳಬೇಡಿ. ನೀರು ಸಿಗುವ ಒಂದು ಜಾಗದಿಂದ ಇನ್ನೊಂದಕ್ಕೆ ಎಷ್ಟು ಗಂಟೆ ಎಂದು ಕೇಳಿ. ಅಂದಹಾಗೆ ಕುಮಾರಪರ್ವತಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಓಡುತ್ತ ಹೋಗುವವರಿಗೆ ವಿನಾಯಿತಿಯೇನೂ ಇಲ್ಲ.

ನೀರು ಹೊರುವುದು ಎರಡು ಬಗೆ. ಬೆನ್ನ ಹಿಂದೆ ಕೊಳವೆಯ ಚೀಲ, ಅದನ್ನು ಓಟಗಾರರು ಬ್ಲ್ಯಾಡರ್ ಎನ್ನುತ್ತಾರೆ. ಅಥವಾ ಎದೆಯ ಎರಡೂ ಬದಿಯ ಜೇಬುಗಳಲ್ಲಿ ಮೆತ್ತನೆಯ ಸಾಫ್ಟ್ ಫ್ಲಾಸ್ಕ್. ನನ್ನ ಒಲವು ಫ್ಲಾಸ್ಕ್ ಕಡೆಗೆ. ಎಷ್ಟು ಉಳಿದಿದೆಯೆಂದು ಕಣ್ಣಿಗೆ ಕಾಣುತ್ತದೆ. ಕುಡಿದಂತೆ ತಾನೂ ಕುಗ್ಗುವುದರಿಂದ ಒಳಗೆ ನೀರು ತುಳುಕುವುದಿಲ್ಲ. ತುಂಬಿಸಲು ವೆಸ್ಟ್ ಕಳಚಬೇಕಿಲ್ಲ. ಒಂದರಲ್ಲಿ ಬರಿ ನೀರು, ಇನ್ನೊಂದರಲ್ಲಿ ಓಆರ್‌ಎಸ್ ಇಡಬಹುದು. ಲೀಟರಿಗೆ ಕಲಸಬೇಕಾದ ಪೊಟ್ಟಣವನ್ನು ಅರ್ಧ ಲೀಟರಿನ ಫ್ಲಾಸ್ಕಿಗೆ ಪೂರ್ತಿ ಸುರಿಯುವವರಿದ್ದಾರೆ. ಹಾಗೆ ಮಾಡಬಾರದು, ಅರ್ಧ ಪೊಟ್ಟಣವೇ ಹಾಕಬೇಕು. ಬ್ಲ್ಯಾಡರ್‌ನ ಗುಣವೆಂದರೆ ಒಂದೂವರೆ ಎರಡು ಲೀಟರ್ ಭಾರವನ್ನು ಬೆನ್ನಿಗೆ ಚಪ್ಪಟೆಯಾಗಿ ಹಂಚುವುದು. ಅವಗುಣ, ಖಾಲಿಯಾಗುವವರೆಗೆ ಸುಳಿವು ಕೊಡದಿರುವುದು. ತುಂಬಿದ ಮೇಲೆ ಅದನ್ನು ತಲೆಕೆಳಗು ಮಾಡಿ ಕೊಳವೆಯಿಂದ ಗಾಳಿ ಹೀರಿ ತೆಗೆದರೆ ಕುಳುಕುಳು ಸದ್ದು ನಿಲ್ಲುತ್ತದೆ. ಕುಮಾರಪರ್ವತದಂಥ ದಾರಿಗೆ ಮುಂದೆ ಎರಡು ಫ್ಲಾಸ್ಕ್, ಹಿಂದೆ ಮೂರನೆಯದೊಂದನ್ನು ಅಥವಾ ಬ್ಲ್ಯಾಡರ್ ಇಡಲು ಜಾಗವಿರುವ ವೆಸ್ಟ್ ಅನುಕೂಲ. ಮೂರನೆಯ ಫ್ಲಾಸ್ಕ್ ಖಾಲಿಯಾದರೆ ಮಡಚಿ ಮುಷ್ಟಿಯಲ್ಲಿ ಹಿಡಿಯಬಹುದು.

ಹಗುರಾಗಲೆಂದು ಬಿಟ್ಟುಹೋದ ಜಾಕೆಟ್

ನೀರಿನ ನಂತರದ್ದು ಸಾಮಾನಿನ ಪ್ರಶ್ನೆ, ಅದನ್ನು ಅಷ್ಟು ಹಗುರಾಗಿ ಮುಗಿಸುವಂತಿಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ, ಹಳದಿ ನದಿಯ ದಂಡೆಯ ಕಲ್ಲುಕಾಡಿನಲ್ಲಿ ನೂರು ಕಿಲೊಮೀಟರಿನ ಓಟ ನಡೆಯಿತು. ಹೊರಟವರು 172 ಮಂದಿ. ಬಹುತೇಕರು ಚಡ್ಡಿ, ತೆಳು ಅಂಗಿಯಲ್ಲಿದ್ದರು. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಮೇಲೆ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ. ಗಾಳಿತಡೆಯ ಜಾಕೆಟ್ ಆ ಸ್ಪರ್ಧೆಯ ಕಡ್ಡಾಯ ಪಟ್ಟಿಯಲ್ಲಿರಲಿಲ್ಲ. ಇದ್ದರೆ ಒಳ್ಳೆಯದೆಂಬ ಸಲಹೆಯಷ್ಟೇ ಇತ್ತು. ಕೆಲವರು ಬೆಚ್ಚನೆಯ ಬಟ್ಟೆಯನ್ನು ಮುಂದಿನ ಠಾಣೆಗೆ ಕಳಿಸುವ ಗಂಟಿನಲ್ಲಿಟ್ಟಿದ್ದರು. ತೆಳು ಹಾಳೆಯ ತುರ್ತು ಹೊದಿಕೆ ಬಿಚ್ಚಿದವರ ಕೈಯಲ್ಲೇ ಗಾಳಿ ಅದನ್ನು ಹರಿದು ಹಾಕಿತು. 21 ಓಟಗಾರರು ತೀರಿಕೊಂಡರು, ಅವರಲ್ಲಿ ದೇಶದ ಹೆಸರಾಂತ ಅಲ್ಟ್ರಾ ಓಟಗಾರ ಲಿಯಾಂಗ್ ಜಿಂಗ್ ಕೂಡ ಒಬ್ಬರು. ಒಬ್ಬ ಕುರಿಗಾಹಿ ತನ್ನ ಗುಹೆಯಂಥ ತಂಗುದಾಣಕ್ಕೆ ಕರೆದೊಯ್ದು ಬೆಂಕಿ ಹಾಕಿ ಆರು ಜನರನ್ನು ಉಳಿಸಿದ.

ಮೈ ತಣ್ಣಗಾಗಿ ಸಾಯಲು ಹಿಮ ಬೀಳಬೇಕಿಲ್ಲ. ಒದ್ದೆ ಬಟ್ಟೆ, ಬೀಸುಗಾಳಿ, ಬರಿದಾದ ಹೊಟ್ಟೆ, ನಿಂತುಹೋದ ಕಾಲು ಇಷ್ಟಿದ್ದರೆ ಸಾಕು. ಓಡುವಷ್ಟು ಹೊತ್ತು ಮೈ ತಾನೇ ಶಾಖ ಹುಟ್ಟಿಸುತ್ತದೆ. ಪಾದ ಉಳುಕಿ ಕೂತ ಕೆಲವೇ ನಿಮಿಷದಲ್ಲಿ ಆ ಒಲೆ ಆರುತ್ತದೆ. ಮಳೆಗಾಲದ ಮುಳ್ಳಯ್ಯನಗಿರಿಯ ಏಣಿನ ಮೇಲೆ ಗಾಳಿಗೆ ಸಿಕ್ಕವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಫ್ರಾನ್ಸಿನ ಶಾಮೊನಿಯಿಂದ ಹೊರಟು ಮೊಂ ಬ್ಲಾಂ ಬೆಟ್ಟವನ್ನು ಸುತ್ತಿ ಬರುವ ಯುಟಿಎಂಬಿ ಓಟ 2003ರಲ್ಲಿ ಶುರುವಾಯಿತು. 170 ಕಿಲೊಮೀಟರಿಗೂ ಹೆಚ್ಚು ದೂರ, ಸುಮಾರು 10,000 ಮೀಟರ್ ಏರು. ಅಲ್ಲಿ ಕಡ್ಡಾಯ ಸಾಮಾನು ಇಲ್ಲದವರನ್ನು ಓಡಗೊಡುವುದಿಲ್ಲ. ಕನಿಷ್ಠ ಒಂದು ಲೀಟರ್ ನೀರು, ಟೊಪ್ಪಿಗೆಯಿರುವ ಮಳೆ ಜಾಕೆಟ್, ಬೆಚ್ಚನೆಯ ಇನ್ನೊಂದು ಪದರ, ಹೆಡ್‌ಲ್ಯಾಂಪ್, 1.4 ಮೀಟರ್ ಅಗಲ 2 ಮೀಟರ್ ಉದ್ದದ ತುರ್ತು ಹೊದಿಕೆ, ಸೀಟಿ, ಅಂಟುವ ಪಟ್ಟಿ, ಫೋನು, ತಿನಿಸು. ನೀವು ಆ ಓಟಕ್ಕೆ ಹೋಗದಿರಬಹುದು, ಆದರೆ ಈ ಪಟ್ಟಿಯನ್ನು ಮುಂದಿಟ್ಟುಕೊಂಡು ನಮ್ಮ ಬೆಟ್ಟಗಳಿಗೆ ಹೊಂದಿಸಿಕೊಳ್ಳಬಹುದು. ಅಲ್ಲಿನ ಚಳಿಗೆ ಬೇಕಾದ ಕೈಗವಸು ಇಲ್ಲಿ ಬೇಡ, ಬದಲಿಗೆ ಜಿಗಣೆಗೆ ಉಪ್ಪಿನ ಪುಟ್ಟ ಗಂಟು. ಜೆಲ್ ಬದಲು ಕಡಲೆ ಚಿಕ್ಕಿ, ಖರ್ಜೂರ. ಬಾಳೆಹಣ್ಣು ಮಾತ್ರ ಬೇಡ. ಅರ್ಧ ಗಂಟೆಯಲ್ಲಿ ಅದು ಸೀಕರಣೆಯಾಗಿ ಜೇಬಿಗೆಲ್ಲ ಮೆತ್ತಿಕೊಂಡಿರುತ್ತದೆ.

ಈಗ ಆ ಸಾಮಾನನ್ನೆಲ್ಲ ಮನೆಯ ನೆಲದ ಮೇಲೆ ಹರಡಿ. ಅಂಗಡಿಗೆ ಹೋಗುವ ಹೊತ್ತು ಬಂದಿದೆ, ಆ ರಾಶಿಯನ್ನೂ ಜೊತೆಗೆ ಕೊಂಡೊಯ್ಯಿರಿ. ವೆಸ್ಟ್‌ಗಳ ಮೇಲೆ 5, 8, 12 ಲೀಟರ್ ಎಂದು ಬರೆದಿರುತ್ತದೆ. ಒಂದೆರಡು ಗಂಟೆಯ ಓಟಕ್ಕೆ 5 ಲೀಟರಿನದು ಸಾಕು. ಬೆಳಗಿನಿಂದ ಸಂಜೆವರೆಗಿನ ಬೆಟ್ಟಕ್ಕೆ 8ರಿಂದ 12. ಆದರೆ ಈ ಸಂಖ್ಯೆಯನ್ನು ಪೂರ್ತಿ ನಂಬಲು ಬರುವುದಿಲ್ಲ. ಒಬ್ಬರು ಎಳೆದರೆ ಹಿಗ್ಗುವ ಜೇಬನ್ನೂ ಸೇರಿಸಿ ಎಣಿಸುತ್ತಾರೆ, ಇನ್ನೊಬ್ಬರು ಬೆನ್ನ ಭಾಗವನ್ನಷ್ಟೇ. ಜಾಕೆಟ್ ಹಿಡಿಸಿತೇ ಇಲ್ಲವೇ ಎಂಬುದೇ ಅಳತೆ. ತೀರ ದೊಡ್ಡದೂ ತೊಂದರೆಯೇ. ಅರೆಖಾಲಿ ಚೀಲದಲ್ಲಿ ಸಾಮಾನು ತಳಕ್ಕಿಳಿದು ಸೊಂಟದ ಹತ್ತಿರ ಒದೆಯತೊಡಗುತ್ತದೆ. ಬದಿಯಲ್ಲಿ ಎಳೆದು ಕುಗ್ಗಿಸುವ ದಾರವಿದ್ದರೆ ಈ ಕಾಟ ಕಡಿಮೆ.

ಮೈಗೆ ಹಿಡಿಸುವುದು

ಕಂಕುಳ ಕೆಳಗೆ ಎದೆಯ ಸುತ್ತಳತೆ ತೆಗೆದು ಕಂಪನಿಯ ಪಟ್ಟಿಯಲ್ಲಿ ಗಾತ್ರ ನೋಡಿ. ಅಂಗಿಯ ಗಾತ್ರದ ಮೇಲೆ ಊಹೆ ಮಾಡಬೇಡಿ. ಎರಡು ಗಾತ್ರಗಳ ನಡುವೆ ಸಿಕ್ಕಿಬಿದ್ದರೆ ಚಿಕ್ಕದನ್ನೇ ಮೊದಲು ತೊಟ್ಟು ನೋಡಿ, ಬಟ್ಟೆ ಹಿಗ್ಗುವಂಥದ್ದು. ತೊಟ್ಟ ಮೇಲೆ ಫ್ಲಾಸ್ಕಿನಲ್ಲಿ ನೀರು ತುಂಬಿಸಿಕೊಡಿ ಎಂದು ಅಂಗಡಿಯವರನ್ನು ಕೇಳಲು ಸಂಕೋಚ ಬೇಡ. ಖಾಲಿ ವೆಸ್ಟ್ ಎಲ್ಲರ ಮೈಗೂ ಚೆನ್ನಾಗಿಯೇ ಕೂರುತ್ತದೆ. ಭಾರ ತುಂಬಿ, ನಿಂತಲ್ಲೇ ಹತ್ತು ಸಲ ಜಿಗಿಯಿರಿ. ಭುಜದ ಪಟ್ಟಿ ಮೇಲೆದ್ದು ಬೀಳುತ್ತಿದ್ದರೆ ಅದು ನಿಮ್ಮದಲ್ಲ. ನಂತರ ಪೂರ್ತಿ ಉಸಿರೆಳೆದುಕೊಳ್ಳಿ. ಏರಿನಲ್ಲಿ ಏದುವಾಗ ಎದೆ ಇನ್ನೂ ಹಿಗ್ಗುತ್ತದೆ. ಎದೆಪಟ್ಟಿಗಳಲ್ಲಿ ಸ್ವಲ್ಪ ಎಲಾಸ್ಟಿಕ್ ಇದ್ದು, ಮೇಲೆ ಕೆಳಗೆ ಸರಿಸುವಂತಿರಬೇಕು. ಫ್ಲಾಸ್ಕಿನ ತುದಿ ಕಾಲರ್ ಮೂಳೆಗೆ ಬಡಿಯುತ್ತಿದೆಯೇ, ಕತ್ತಿನ ಬುಡಕ್ಕೆ ಹೊಲಿಗೆ ತಾಗುತ್ತಿದೆಯೇ ನೋಡಿ. ಅಂಗಡಿಯಲ್ಲಿ ಕಚಗುಳಿಯಷ್ಟೇ ಎನಿಸಿದ ಹೊಲಿಗೆ, ಬೆವರಿನ ಉಪ್ಪು ಸೇರಿದ ಮೇಲೆ ಚರ್ಮ ಸುಲಿಯುತ್ತದೆ.

ಹೆಂಗಸರಿಗೆ ಈ ಆಯ್ಕೆ ಇನ್ನೂ ಕಷ್ಟದ್ದು. ಕಂಪನಿಗಳು ಬಹಳ ವರ್ಷ ಗಂಡಸರ ವೆಸ್ಟನ್ನೇ ಚಿಕ್ಕದು ಮಾಡಿ ಬಣ್ಣ ಬದಲಿಸಿ ಮಾರಿದವು. ತುಂಬಿದ ಫ್ಲಾಸ್ಕ್ ನೇರ ಸ್ತನದ ಮೇಲೆ ಕೂತರೆ ನೋವು, ಜೊತೆಗೆ ಕುಲುಕಾಟ. ಈಗ ಕೆಲವು ವಿನ್ಯಾಸಗಳಲ್ಲಿ ಫ್ಲಾಸ್ಕ್ ಜೇಬು ಪಕ್ಕೆಲುಬಿನ ಕಡೆಗೆ ಸರಿದಿದೆ ಅಥವಾ ಎತ್ತರಕ್ಕೇರಿದೆ. ಪಟ್ಟಿಗಳು ಎದೆಯ ಮೇಲೊಂದು, ಕೆಳಗೊಂದು ಹಾದುಹೋಗುತ್ತವೆ. ಓಡುವಾಗ ತೊಡುವ ಸ್ಪೋರ್ಟ್ಸ್ ಬ್ರಾವನ್ನೇ ತೊಟ್ಟು ಹೋಗಿ ಪರೀಕ್ಷಿಸುವುದು ಒಳ್ಳೆಯದು. ಕೆಲವರಿಗೆ ಫ್ಲಾಸ್ಕಿಗಿಂತ ಬ್ಲ್ಯಾಡರ್ ಹಿತವೆನಿಸುವುದಕ್ಕೆ ಇದೂ ಒಂದು ಕಾರಣ.

ಜೇಬುಗಳ ವಿಷಯದಲ್ಲಿ ಒಂದೇ ಪರೀಕ್ಷೆ: ವೆಸ್ಟ್ ಕಳಚದೆ ತಿನಿಸು, ಫೋನು, ಜಾಕೆಟ್ ಕೈಗೆ ಬರಬೇಕು. ಜಾಕೆಟ್‌ಗಾಗಿ ಚೀಲ ಕಳಚಬೇಕಾದರೆ ಮಳೆ ಜೋರಾಗುವವರೆಗೆ ತೆಗೆಯಲು ಮನಸ್ಸೇ ಬರುವುದಿಲ್ಲ, ಅಷ್ಟರಲ್ಲಿ ಅಂಗಿ ತೊಯ್ದಿರುತ್ತದೆ. ಊರುಗೋಲು ಬಳಸುವವರು ಅದನ್ನು ಸಿಕ್ಕಿಸುವ ಕುಣಿಕೆಗಳನ್ನೂ ನೋಡಲಿ. ಹಲವು ವೆಸ್ಟ್‌ಗಳ ಎದೆಯ ಬಕಲ್ಲಿನಲ್ಲಿ ಸೀಟಿ ಅಡಗಿರುತ್ತದೆ, ಕೊಂಡು ವರ್ಷವಾದರೂ ಅದನ್ನು ಗಮನಿಸದವರಿದ್ದಾರೆ. ಬೆಟ್ಟದಲ್ಲಿ ನೆರವು ಕೇಳುವ ಅಂತರರಾಷ್ಟ್ರೀಯ ರೂಢಿ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರಿಸುತ್ತಾರೆ.

ಹಗುರ ವೆಸ್ಟ್‌ಗಳ ಬಟ್ಟೆ ಜಾಲರಿ ನೈಲಾನ್. ನೀರು ತಡೆಯುವ ಮಾತಂತೂ ಇಲ್ಲ. ಮಳೆ ಬಾರದಿದ್ದರೂ ಬೆನ್ನ ಬೆವರು ಒಳಗಿನದನ್ನೆಲ್ಲ ತೊಯಿಸುತ್ತದೆ. ಬೆಚ್ಚನೆಯ ಪದರ, ಫೋನು, ಕಾಸು ಮೂರನ್ನೂ ಜಿಪ್‌ಲಾಕ್ ಕವರಿನಲ್ಲಿಡಿ. ಆಗುಂಬೆಯ ಕಡೆಯ ಮಳೆಗೆ ಎರಡು ಕವರ್. ಹೊಸ ವೆಸ್ಟನ್ನು ನೇರ ಸ್ಪರ್ಧೆಗೆ ತೊಡಬಾರದು. ಪೂರ್ತಿ ಭಾರ ತುಂಬಿ ನಂದಿಬೆಟ್ಟದ ಮೆಟ್ಟಿಲಲ್ಲೋ ಮನೆ ಹತ್ತಿರದ ಗುಡ್ಡದಲ್ಲೋ ಎರಡು ಗಂಟೆ ಹತ್ತಿಳಿದು ನೋಡಿ, ಎಲ್ಲೆಲ್ಲಿ ಉಜ್ಜುತ್ತದೆಂದು ಸ್ನಾನದ ನೀರು ಬಿದ್ದ ಕೂಡಲೇ ತಿಳಿಯುತ್ತದೆ. ಅಲ್ಲಿಗೆ ಮುಂದಿನ ಸಲ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ.

ಓಟದ ನಂತರ ವೆಸ್ಟನ್ನು ತಣ್ಣೀರಿನಲ್ಲಿ ಕೈಯಿಂದ ಒಗೆದು ನೆರಳಲ್ಲಿ ಒಣಗಿಸಿ. ಬೆವರಿನ ಉಪ್ಪು ಉಳಿದರೆ ಎಲಾಸ್ಟಿಕ್ ಬೇಗ ಸೋಲುತ್ತದೆ. ಬ್ಲ್ಯಾಡರಿಗೆ ಸಕ್ಕರೆ ಬೆರೆತದ್ದನ್ನು ಹಾಕದಿದ್ದರೆ ಒಳ್ಳೆಯದು. ಹಾಕಿದ್ದರೆ ಅಡುಗೆ ಸೋಡ ಬೆರೆಸಿದ ನೀರಿನಲ್ಲಿ ಕೊಳವೆಯನ್ನೂ ಸೇರಿಸಿ ತೊಳೆದು, ಬಾಯಿ ತೆರೆದು ತೂಗುಹಾಕಿ. ಮಲೆನಾಡಿನ ಮಳೆಗಾಲದಲ್ಲಿ ವಾರವಾದರೂ ಅದು ಒಣಗುವುದಿಲ್ಲ, ಒಳಗೆ ಕಪ್ಪು ಬೂಸ್ಟು ಹಿಡಿಯುತ್ತದೆ. ಅಂಥ ತಿಂಗಳುಗಳಲ್ಲಿ ನೀರು ಬಸಿದು, ಮಡಚಿ, ಫ್ರೀಜರಿನಲ್ಲಿಟ್ಟುಬಿಡಿ.