ಆರು ಸಲ ಎಂಪಿ: ಪಕ್ಷ ಬದಲಿಸಿದರೂ ಶ್ರೀನಿವಾಸ ಪ್ರಸಾದ್ ಗೆದ್ದಿದ್ದು ಹೇಗೆ?

ತೆರಕಣಾಂಬಿಯಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ನಮ್ಮ ಚಾಮರಾಜನಗರ ಕ್ಷೇತ್ರದ ಎಂಪಿ ಆಗಿದ್ದ ವಿ. ಶ್ರೀನಿವಾಸ ಪ್ರಸಾದ್. ಜೊತೆಗೆ ಒಬ್ಬ ಜರ್ಮನ್ ಎಂಪಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಪ್ರಸಾದ್ ಮೊದಲ ಸಲ ಚುನಾವಣೆಗೆ ನಿಂತಿದ್ದು 1974ರಲ್ಲಿ, ಮೈಸೂರಿನ ಕೃಷ್ಣರಾಜ ಕ್ಷೇತ್ರದ ಉಪಚುನಾವಣೆಗೆ, ಪಕ್ಷೇತರರಾಗಿ. ಸೋತರು. 1980ರಿಂದ ಕಾಂಗ್ರೆಸ್ಸಿನಿಂದ ಚಾಮರಾಜನಗರದಲ್ಲಿ ಸತತ ನಾಲ್ಕು ಗೆಲುವು: 80, 84, 89, 91. ಇದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ, ನೆನಪಿರಲಿ. 1999ರಲ್ಲಿ ಜೆಡಿಯುನಿಂದ ಗೆದ್ದು ವಾಜಪೇಯಿ ಸರ್ಕಾರದಲ್ಲಿ ಆಹಾರ, ಪಡಿತರ ಖಾತೆಯ ರಾಜ್ಯ ಸಚಿವರಾದರು. ಆಮೇಲೆ ಜೆಡಿಎಸ್, ಮತ್ತೆ ಕಾಂಗ್ರೆಸ್. ನಂಜನಗೂಡಿನಿಂದ 2008, 2013ರಲ್ಲಿ ಶಾಸಕರು, ಸಿದ್ದರಾಮಯ್ಯ ಸಂಪುಟದಲ್ಲಿ ಕಂದಾಯ ಸಚಿವರು.

ಈಗ ಆ ಜರ್ಮನ್. ವೊಲ್ಫ್‌ಗಾಂಗ್ ಶಾಯ್ಬ್ಲ, ಸಿಡಿಯು ಅನ್ನೋ ಸಂಪ್ರದಾಯವಾದಿ ಪಕ್ಷದವರು. 1972ರಿಂದ 2023ರ ಡಿಸೆಂಬರಿನಲ್ಲಿ ತೀರಿಕೊಳ್ಳೋವರೆಗೂ ಎಂಪಿ. ಒಂದೇ ಕ್ಷೇತ್ರ ಆಫೆನ್‌ಬರ್ಗ್, ಒಂದೇ ಪಕ್ಷ, 14 ಗೆಲುವು. 1990ರಲ್ಲಿ ಸಭೆಯೊಂದರಲ್ಲಿ ಗುಂಡೇಟು ತಿಂದು ವೀಲ್‌ಚೇರ್ ಮೇಲೆ ಉಳಿದ ಜೀವನ ಕಳೆದರೂ ಹಣಕಾಸು ಸಚಿವರಾಗಿ ಇಡೀ ಯೂರೋಪಿಗೆ ಲೆಕ್ಕ ಕೇಳಿದ ಮನುಷ್ಯ.

ಇಬ್ಬರೂ ಹೆಚ್ಚುಕಮ್ಮಿ ಒಂದೇ ಕಾಲದವರು. ಹಾಗಾದ್ರೆ ಒಬ್ಬರು ಪಕ್ಷ ಬಿಡಲೇ ಇಲ್ಲ, ಇನ್ನೊಬ್ಬರು ಬಿಡ್ತಾನೇ ಹೋದ್ರು, ಯಾಕೆ?

ಕಾನೂನು ಅಂತ ಹೇಳೋ ಹಾಗಿಲ್ಲ, ಅದು ಉಲ್ಟಾ ಇದೆ. ಜರ್ಮನಿಯಲ್ಲಿ ಎಂಪಿ ತನ್ನ ಆತ್ಮಸಾಕ್ಷಿಗೆ ಮಾತ್ರ ಬದ್ಧ. ಪಕ್ಷ ಬಿಟ್ಟರೂ ಸೀಟು ಹೋಗಲ್ಲ. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ಪಕ್ಷ ಬಿಟ್ಟರೆ ಸೀಟೂ ಹೋಗುತ್ತೆ. ವ್ಯತ್ಯಾಸ ಇರೋದು ಮತದಲ್ಲಿ. ಅಲ್ಲಿ ಮತದಾರನಿಗೆ ಎರಡು ಮತ: ಒಂದು ಅಭ್ಯರ್ಥಿಗೆ, ಒಂದು ಪಕ್ಷಕ್ಕೆ. ಕ್ಷೇತ್ರದಲ್ಲಿ ಸೋತವರೂ ಪಕ್ಷದ ಪಟ್ಟಿಯಿಂದ ಸಂಸತ್ತಿಗೆ ಹೋಗಬಹುದು. ಶಾಯ್ಬ್ಲಗೆ ಅದರ ಅಗತ್ಯ ಬೀಳಲಿಲ್ಲ ಬಿಡಿ. ಆದರೆ ಅಲ್ಲಿ ರಾಜಕಾರಣಿಯ ಭವಿಷ್ಯ ಪಕ್ಷದ ಕೈಯಲ್ಲೇ ಇರುತ್ತೆ. ನಮ್ಮಲ್ಲಿ ಪಟ್ಟಿ ಇಲ್ಲ, ಒಂದೇ ಮತ. ಹಾಗಾಗಿ ಸ್ವಂತ ಜನಬೆಂಬಲ ಇದ್ದವರನ್ನ ಎಲ್ಲ ಪಕ್ಷಗಳೂ ಕರೆಯುತ್ತವೆ. ಪ್ರಸಾದ್ ಹತ್ರ ಅದಿತ್ತು, ಹಳೇ ಮೈಸೂರು ಭಾಗದ ದೊಡ್ಡ ದಲಿತ ನಾಯಕ ಅವರು.

ಆದರೆ ಅದಕ್ಕೂ ಮಿತಿ ಇದೆ. 2016ರಲ್ಲಿ ಸಂಪುಟದಿಂದ ಕೈಬಿಟ್ಟಾಗ ಸಿಟ್ಟಾದ ಪ್ರಸಾದ್ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. 2017ರ ಏಪ್ರಿಲ್‌ನಲ್ಲಿ ಉಪಚುನಾವಣೆ. ಅದೇ ದಿನ ನಮ್ಮ ಗುಂಡ್ಲುಪೇಟೆಯಲ್ಲೂ ಇತ್ತು, ಮಹದೇವ ಪ್ರಸಾದ್ ತೀರಿಕೊಂಡಿದ್ರಲ್ಲ, ಆ ಸ್ಥಾನಕ್ಕೆ. ಎರಡೂ ಕಡೆ ಕಾಂಗ್ರೆಸ್ ಗೆದ್ದಿತು. ನಂಜನಗೂಡಿನಲ್ಲಿ ಪ್ರಸಾದ್ ಕಳಲೆ ಕೇಶವಮೂರ್ತಿ ಎದುರು 21 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಪಕ್ಷಾಂತರವನ್ನ ನಾನು ಹೊಗಳಲ್ಲ. ಆದರೂ ಸುಮ್ಮನಿದ್ದಿದ್ರೆ 2018ರವರೆಗೆ ಶಾಸಕರಾಗಿ ಇರಬಹುದಿತ್ತು. ಇವರು ಅವಧಿಗೆ ಮುಂಚೆಯೇ ಜನರ ಮುಂದೆ ಹೋದರು.

2019ರಲ್ಲಿ ಬಿಜೆಪಿಯಿಂದ ಮತ್ತೆ ಚಾಮರಾಜನಗರ. ಎದುರಾಳಿ ಆರ್. ಧ್ರುವನಾರಾಯಣ, ಎರಡು ಸಲ ಗೆದ್ದಿದ್ದ ಕಾಂಗ್ರೆಸ್ ಎಂಪಿ. ಇಬ್ಬರಿಗೂ ಐದೂವರೆ ಲಕ್ಷ ದಾಟಿದ ಮತ, ಅಂತರ ಬರೀ 1,817. ಎಂಟು ವಿಧಾನಸಭಾ ಕ್ಷೇತ್ರಗಳ ಲೆಕ್ಕದಲ್ಲಿ ಇದು ಏನೂ ಅಲ್ಲ. (ಇದೇ ಧ್ರುವನಾರಾಯಣ 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಿಂದ ಗೆದ್ದಿದ್ದವರು. 'ನನ್ನೊಬ್ಬನ ವೋಟಿಂದ ಏನಾಗುತ್ತೆ' ಅನ್ನೋ ಫ್ರೆಂಡ್‌ಗೆ ಈ ಎಪಿಸೋಡ್ ಕಳಿಸಿ.) ಶಾಯ್ಬ್ಲ ಥರ ಭದ್ರ ಕ್ಷೇತ್ರ ಅನ್ನೋದು ಪ್ರಸಾದ್‌ಗೆ ಕೊನೆಯಲ್ಲಿ ಇರಲೇ ಇಲ್ಲ.

2024ರ ಮಾರ್ಚ್‌ನಲ್ಲಿ, ಮೊದಲ ಸ್ಪರ್ಧೆಗೆ 50 ವರ್ಷ ತುಂಬಿದಾಗ, ಚುನಾವಣಾ ರಾಜಕೀಯ ಸಾಕು ಅಂದರು. ಏಪ್ರಿಲ್ 26ಕ್ಕೆ ಅವರ ಕ್ಷೇತ್ರದಲ್ಲಿ ಮತದಾನ ಆಯ್ತು, 29ಕ್ಕೆ ಬೆಂಗಳೂರಿನಲ್ಲಿ ತೀರಿಕೊಂಡರು. ಅವತ್ತೇ ಅದೇ ಕ್ಷೇತ್ರದ ಇಂಡಿಗನತ್ತದಲ್ಲಿ, ಮತಯಂತ್ರ ಒಡೆದುಹಾಕಿದ್ದ ಬೂತ್‌ನಲ್ಲಿ, ಮರುಮತದಾನ ನಡೀತಿತ್ತು.